ಸುಟ್ಟ ಮೂಲೆಯ ಹಸಿರು ಪ್ಲೇಯರ್

2019ರ ಮಾರ್ಚ್ 12, ಮಂಗಳವಾರ. ಪಿನಾಂಗ್ ದ್ವೀಪ, ಜೆಲುತೊಂಗ್ ಬಡಾವಣೆ. ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಮುದುಕರು ಠಾಣೆಯ ಮೆಟ್ಟಿಲು ಹತ್ತಿ ಬಂದು, ಕಾನ್‌ಸ್ಟೆಬಲ್ ಗುಣಶೇಖರನ್‌ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು. ಹೆಸರು ಚಿಯಾ ಟೈಕ್ ಲೆಂಗ್. ವಯಸ್ಸು ಅರವತ್ತೊಂಬತ್ತು. ಲಿಫ್ಟ್ ರಿಪೇರಿ ಮಾಡಿ ನಿವೃತ್ತಿಯಾದವರು. ಮನೆಯಲ್ಲಿ ಒಬ್ಬರೇ.

"ಕಳ್ಳತನ ಆಗಿದೆ" ಎಂದರು.

"ಏನು ಹೋಯ್ತು ಅಂಕಲ್?"

"ಹಾಡು ಕೇಳೋ ಪ್ಲೇಯರ್. ಹಸಿರುದು. ಬೆರಳುದ್ದ."

"ಚೀಲದಲ್ಲಿ ಏನಿದೆ?"

"ಹಾಡು ಕೇಳೋ ಪ್ಲೇಯರ್. ಹಸಿರುದು. ಬೆರಳುದ್ದ."

ಗುಣಾ ಪೆನ್ನು ಕೆಳಗಿಟ್ಟ. "ಅಂಕಲ್, ಬೆಳಿಗ್ಗೆ ಕಾಫಿ ಕುಡಿದ್ರಾ?"

"ಇದು ನಂದಲ್ಲ. ಕಳ್ಳ ನಂದು ತಗೊಂಡು ಇದನ್ನ ಇಟ್ಟು ಹೋಗಿದಾನೆ. ನಂದು ಒಂದು ಮೂಲೇಲಿ ಸುಟ್ಟಿತ್ತು, ಸೊಳ್ಳೆ ಬತ್ತಿ ತಾಗಿದ ಹಾಗೆ. ಇದು ಹೊಚ್ಚ ಹೊಸದು."

"ಹಳೇದು ಕದ್ದು ಹೊಸದು ಇಟ್ಟು ಹೋದ." ಗುಣಾ ಕುರ್ಚಿಗೆ ಒರಗಿದ. "ಅಂಕಲ್, ಆ ಮಹಾನುಭಾವ ಸಿಕ್ರೆ ನನ್ನ ಸ್ಕೂಟರ್ ಎಲ್ಲಿ ನಿಲ್ಸ್ತೀನಿ ಅಂತ ಸ್ವಲ್ಪ ಹೇಳ್ಬಿಡಿ. ಬೀಗಾನೂ ಹಾಕಲ್ಲ."

ಗುಣಾನ ವಿಷಯದಲ್ಲಿ ಒಂದು ಮಾತು. ಇಪ್ಪತ್ತಾರು ವರ್ಷದಲ್ಲಿ ಅವನು ನೋಡಿದ ತಮಿಳು ಸಿನಿಮಾಗಳನ್ನು ಒಂದರ ಮೇಲೊಂದು ಇಟ್ಟರೆ ಠಾಣೆಯ ಧ್ವಜಸ್ತಂಭಕ್ಕಿಂತ ಎತ್ತರವಾಗುತ್ತದೆ. ದೂರು ಬರೆದುಕೊಳ್ಳುವಾಗಲೂ ಹಿಂದೆ ಎಲ್ಲೋ ಡೋಲು ಬಡಿಯುತ್ತಿದೆ ಎಂಬಂತೆ ಕೂರುತ್ತಾನೆ. ಇನ್‌ಸ್ಪೆಕ್ಟರ್ ರೊಹಾಯಾ ಒಳಗಿನಿಂದ ಬಂದು ನಿಂತದ್ದನ್ನು ನೋಡಿ ಡೋಲು ನಿಂತಿತು.

"ಇದನ್ನ ಆನ್ ಮಾಡಿ ನೋಡಿದ್ರಾ?" ರೊಹಾಯಾ ಕೇಳಿದರು.

"ಇಲ್ಲ. ಭಾನುವಾರ ಸುಟ್ಟ ಗುರುತು ಇಲ್ಲ ಅಂತ ಕಂಡ ತಕ್ಷಣ ಕರವಸ್ತ್ರದಲ್ಲಿ ಹಿಡ್ಕೊಂಡು ಚೀಲಕ್ಕೆ ಹಾಕ್ದೆ. ನಿನ್ನೆಯೆಲ್ಲಾ ನಂದನ್ನ ಮನೇಲಿ ಹುಡುಕ್ದೆ. ಬೆರಳಚ್ಚು ಇರುತ್ತಲ್ಲ. ಟಿವಿಲಿ ತೋರಿಸ್ತಾರೆ."

"ಒಳ್ಳೇದು ಮಾಡಿದ್ರಿ. ಗುಣಾ, ಹಾಗೇ ಸೀಲ್ ಮಾಡು. ಬೆರಳಚ್ಚಿನವರು ನೋಡೋ ತನಕ ಯಾರೂ ಮುಟ್ಬಾರ್ದು." ಮತ್ತೆ ಚಿಯಾ ಕಡೆ ತಿರುಗಿದರು. "ನಿಮ್ಮದರಲ್ಲಿ ಏನಿತ್ತು?"

"ಹಾಡು."

"ಯಾವ ಹಾಡು?"

ಚಿಯಾ ಗೋಡೆಯ ಗಡಿಯಾರ ನೋಡಿದರು. "ಹಳೇ ಹಾಡು."

ಗುಣಾ "ಹಳೆಯ ಹಾಡುಗಳು" ಎಂದು ಬರೆದುಕೊಂಡ. ರೊಹಾಯಾ ಏನೂ ಬರೆದುಕೊಳ್ಳಲಿಲ್ಲ, ಆ ತಡವರಿಕೆಯನ್ನು ಮಾತ್ರ ಮನಸ್ಸಿನಲ್ಲಿ ಎತ್ತಿಟ್ಟುಕೊಂಡರು. ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಸ್ಥಳ ಮಹಜರು. ಒಂಬತ್ತನೇ ಮಹಡಿಯ ಫ್ಲ್ಯಾಟು, ಒಂದು ಕೋಣೆ, ಒಂದು ಕಿಟಕಿ. ಮೂವರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಹೊಸವರ್ಷದ ಬಿಸ್ಕತ್ತಿನ ಕೆಂಪು ಡಬ್ಬಗಳು. ಚಿಯಾ ಒಂದು ಡಬ್ಬ ತೆರೆದರು. ಒಳಗೆ ಹತ್ತಿಯ ಹಾಸಿಗೆ, ಅದರ ಮೇಲೆ ಸಾಲಾಗಿ ಮಲಗಿಸಿದ ಪ್ಲೇಯರುಗಳು. ಲಿಪ್‌ಸ್ಟಿಕ್‌ನಂಥದ್ದು, ಬೆಂಕಿಪೊಟ್ಟಣದಂಥದ್ದು, ಕೊರಳಿಗೆ ನೇತುಹಾಕಿಕೊಳ್ಳುವುದು, ಹೊಟ್ಟೆಯ ಮೇಲೆ ಚಕ್ರ ಇರುವುದು.

"ಎಷ್ಟಿವೆ ಅಂಕಲ್?"

"ಇನ್ನೂರಕ್ಕೆ ಹತ್ತಿರ."

"ಕಿವಿ ಎರಡೇ ಅಲ್ವಾ ಇರೋದು?"

ಚಿಯಾ ನಗಲಿಲ್ಲ. ಒಂದು ನೀಲಿ ಪ್ಲೇಯರನ್ನು ಎತ್ತಿ ಗುಂಡಿ ಒತ್ತಿ ಗುಣಾನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರು. ಯಾರೋ ಹುಡುಗಿ ರಸಾಯನಶಾಸ್ತ್ರದ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಳು. ನಡುವೆ ಆಕಳಿಸಿದಳು.

"ಇದೆಲ್ಲಾ ಸಂತೇಲಿ ತಗೊಂಡಿದ್ದು. ಹಳೇ ಮಾಲು. ನಾವು ಕೂಡಿಡೋರು ಒಂದು ನೇಮ ಇಟ್ಕೊಂಡಿದೀವಿ, ಒಳಗಿರೋದನ್ನ ಅಳಿಸಬಾರ್ದು. ಮನೆ ಕೊಂಡ್ಕೊಂಡ್ವಿ ಅಂತ ಬಾಡಿಗೆಯವರನ್ನ ಬೀದಿಗೆ ಹಾಕ್ತೀವಾ? ತಿಂಗಳಿಗೊಂದ್ಸಲ ಎಲ್ಲಾನೂ ಆನ್ ಮಾಡ್ತೀನಿ. ಈ ಹುಡುಗಿ ಪಾಸಾದಳೋ ಇಲ್ವೋ ಗೊತ್ತಿಲ್ಲ."

ಗುಣಾ ಇಯರ್‌ಫೋನ್ ತೆಗೆದು ವಾಪಸ್ ಕೊಟ್ಟ.

ಹಸಿರು ಪ್ಲೇಯರಿಗೆ ಡಬ್ಬ ಇರಲಿಲ್ಲ. ಅದರ ಜಾಗ ಊಟದ ಮೇಜಿನ ಮೇಲೆ, ಒಂದೇ ತಟ್ಟೆ, ಒಂದೇ ಲೋಟದ ಪಕ್ಕದಲ್ಲಿ. ರೊಹಾಯಾ ಅದನ್ನು ಗಮನಿಸಿದರು. ಡಬ್ಬಗಳಲ್ಲಿ ದುಬಾರಿ ಮಾಲು ಎಷ್ಟೋ ಇತ್ತು, ಒಂದನ್ನೂ ಮುಟ್ಟಿರಲಿಲ್ಲ. ಬೀಗ ಒಡೆದಿರಲಿಲ್ಲ.

"ಕೀಲಿ ಎಲ್ಲಿಡ್ತೀರಿ?"

"ಹೊರಗೆ, ಹಳೇ ಶೂ ಒಳಗೆ."

"ಇಡೀ ಬಿಲ್ಡಿಂಗು ಅಲ್ಲೇ ಇಡೋದು, ಪುವಾನ್" ಎಂದ ಗುಣಾ. ಮೇಡಂ ಎನ್ನುವುದಕ್ಕೆ ಇಲ್ಲಿ ಎಲ್ಲರೂ ಹಾಗೇ ಅನ್ನುವುದು. "ನಮ್ಮಮ್ಮಂದೂ ಶೂನಲ್ಲೇ."

"ಯಾವಾಗ ಮನೇಲಿ ಇರಲ್ಲ ನೀವು?"

"ದಿನಾ ಸಂಜೆ ಫೆರ್ರಿ ಹತ್ತಿ ಆಚೆ ದಡಕ್ಕೆ ಹೋಗಿ ಅದೇ ಫೆರ್ರೀಲಿ ವಾಪಸ್ ಬರ್ತೀನಿ. ಭಾನುವಾರ ಬೆಳಿಗ್ಗೆ ಸಂತೆ."

"ಆಚೆ ದಡದಲ್ಲಿ ಏನು ಕೆಲಸ?"

"ಏನಿಲ್ಲ. ಗಾಳಿಗೆ."

ಪಕ್ಕದ ಮನೆಯ ಐಲೀನ್ ಆಂಟಿಗೆ ರೊಹಾಯಾ ಒಂದೇ ಪ್ರಶ್ನೆ ಕೇಳಿದರು, ಯಾರಾದರೂ ಬಂದಿದ್ದರಾ ಎಂದು. ಆಂಟಿ ಹತ್ತು ಪ್ರಶ್ನೆಗೆ ಆಗುವಷ್ಟು ಉತ್ತರ ಕೊಟ್ಟರು.

"ಬಂದಿದ್ರು. ಭಾನುವಾರ ಬೆಳಿಗ್ಗೆ. ಮನುಷ್ಯನ್ನ ನೋಡಿಲ್ಲ, ಬೂಟು ನೋಡ್ದೆ. ಬಾಗಿಲ ಹೊರಗೆ ಬಿಟ್ಟಿದ್ರು. ಕರೀ ರಬ್ಬರ್ ಬೂಟು, ಹಳದಿ ಅಟ್ಟೆ. ಹಗ್ಗದ ನಾರು ಅಂಟ್ಕೊಂಡಿತ್ತು. ಡೀಸೆಲ್ ವಾಸನೆ."

"ಅನುಮಾನ ಬರ್ಲಿಲ್ವಾ?"

"ಯಾಕೆ ಬರ್ಬೇಕು? ಕಳ್ಳ ಬೂಟು ಬಿಚ್ಚಿಟ್ಟು ಒಳಗೆ ಹೋಗ್ತಾನಾ? ನಂಗೆ ಖುಷಿ ಆಯ್ತಮ್ಮ. ನಾನು ಈ ಮನೆಗೆ ಬಂದಾಗಿಂದ ಆ ಬಾಗಿಲ ಮುಂದೆ ಇನ್ನೊಬ್ಬರ ಚಪ್ಪಲಿ ಕಂಡಿರ್ಲಿಲ್ಲ. ಕೊನೆಗೂ ಯಾರೋ ಬಂದ್ರಲ್ಲ ಅಂತ ನಮ್ಮನೆ ಟಿವಿ ಸೌಂಡೂ ಕಮ್ಮಿ ಮಾಡ್ದೆ."

ಇದನ್ನೆಲ್ಲ ಚಿಯಾ ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಹೋಗಿ ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಲಿಫ್ಟಿನಲ್ಲಿ ಗುಣಾ ಹೇಳಿದ. "ಬೂಟು ಬಿಚ್ಚಿ ಒಳಗೆ ಬರ್ತಾನೆ, ಹಳೇದು ಎತ್ತುತಾನೆ, ಹೊಸದು ಇಡ್ತಾನೆ, ಕೀಲಿ ವಾಪಸ್ ಶೂ ಒಳಗೆ ಹಾಕ್ತಾನೆ. ಪುವಾನ್, ಈ ಪಿಕ್ಚರ್‌ನಲ್ಲಿ ವಿಲನ್ನೇ ಇಲ್ಲ. ಪ್ರೊಡ್ಯೂಸರ್ ಮುಳುಗ್ದ."

"ಅವನು ಪ್ಲೇಯರ್ ಕದ್ದಿಲ್ಲ ಗುಣಾ. ಅದರೊಳಗಿರೋದನ್ನ ಕದ್ದಿದಾನೆ. ಅದೇನು ಅಂತ ಅಂಕಲ್ ಹೇಳ್ತಿಲ್ಲ."

ಮಾರ್ಚ್ 13. ಬೆರಳಚ್ಚಿನವರು ಬದಲಿ ಪ್ಲೇಯರಿನ ಮೇಲೆ ಪುಡಿ ಉದುರಿಸಿ, ಸಿಕ್ಕ ಗುರುತು ದಾಖಲೆಯಲ್ಲಿರುವ ಯಾರದ್ದೂ ಅಲ್ಲ ಎಂದು ತಿಳಿಸಿ, ಮತ್ತೆ ಸೀಲ್ ಮಾಡಿ ಕಳಿಸಿದರು. ಮಾಲನ್ನು ಕಪಾಟಿಗೆ ಸೇರಿಸಲಾಯಿತು. ಇಂಥ ಹಳೆಯ ಮಾದರಿ ಪೆಟ್ಟಿಗೆ ಸಮೇತ ಹೊಸದಾಗಿ ಸಿಗಬೇಕಾದರೆ ಲೊರೊಂಗ್ ಕುಲಿತ್ ಸಂತೆಯ ಬೂನ್ ಒಬ್ಬನೇ ಗತಿ ಎಂದು ಚಿಯಾ ಹೇಳಿದ್ದರು. ಬೂನ್ ಪ್ಲಾಸ್ಟಿಕ್ ಹಾಳೆಯ ಮೇಲೆ ಕೈಗಡಿಯಾರ, ಇಸ್ತ್ರಿಪೆಟ್ಟಿಗೆ, ಒಂಟಿ ರಿಮೋಟುಗಳನ್ನು ಹರಡಿಕೊಂಡು ಮಧ್ಯದಲ್ಲಿ ಕುಳಿತಿದ್ದ. ಪೊಲೀಸರನ್ನು ನೋಡಿ ಅರ್ಧ ಅಂಗಡಿಯ ಮೇಲೆ ಟವೆಲ್ ಎಳೆದ.

"ಅದನ್ನ ಆಮೇಲೆ ನೋಡ್ಕೋತೀವಿ" ಎಂದ ಗುಣಾ. "ಹಸಿರು ಪ್ಲೇಯರ್. ಹೊಸದು. ಯಾರು ತಗೊಂಡ್ರು?"

"ಒಬ್ಬ ಮಲಯ್ ಬಾಂಗ್." ವಯಸ್ಸಿನಲ್ಲಿ ಹಿರಿಯ ಗಂಡಸರಿಗೆಲ್ಲ ಈ ಊರಿನಲ್ಲಿ ಅದೇ ಹೆಸರು, ಅಣ್ಣ ಅಂದ ಹಾಗೆ. "ನಾಲ್ಕು ವರ್ಷದಿಂದ ಬರ್ತಿದ್ದ ಬಾಸ್. ಮೂಲೆ ಸುಟ್ಟಿರೋ ಹಸಿರುದು ಬಂತಾ ಅಂತ ಕೇಳೋನು. ನಾನು ಅದನ್ನ ಎಂದೋ ಚಿಯಾ ಅಂಕಲ್‌ಗೆ ಮಾರಿದ್ದೆ."

"ಮತ್ತೆ ಅವನಿಗೆ ಹೇಳ್ಬೇಕಿತ್ತಲ್ಲ?"

"ಒಬ್ಬರ ಹತ್ರ ಹೋದ ಮಾಲು ಇನ್ನೊಬ್ಬರಿಗೆ ತೋರಿಸಿದ್ರೆ ಈ ಸಂತೇಲಿ ನಾಳೆ ಯಾರೂ ನನ್ನ ಹತ್ರ ಕೂರಲ್ಲ. ಹೋದ ತಿಂಗಳು ಬಂದು, ಸುಟ್ಟಿದ್ದು ಬೇಡ, ಅದೇ ಮಾಡೆಲ್ ಹೊಸದು ತರಿಸ್ಕೊಡು ಅಂದ. ತರಿಸ್ಕೊಟ್ಟೆ."

"ಏನು ಕೆಲಸ ಅವನದು?"

"ಫೆರ್ರೀಲಿ ಹಗ್ಗ ಕಟ್ಟೋದು. ಬೂಟಲ್ಲೇ ಬರ್ತಾನೆ."

ಸಂಜೆ ಐದೂಮುಕ್ಕಾಲು. ಫೆರ್ರಿ ಕಚೇರಿಯಲ್ಲಿ ಹೆಸರು ವಿಚಾರಿಸಿಕೊಂಡು ಇಬ್ಬರೂ ಕಟ್ಟೆಯಲ್ಲಿ ಕಾಯುತ್ತಿದ್ದರು. ಆಚೆ ದಡದ ಫೆರ್ರಿ ಕಟ್ಟೆಗೆ ಹತ್ತಿರವಾಗುತ್ತಿತ್ತು. ತುದಿಯಲ್ಲಿ ಐವತ್ತೈದರ ಒಬ್ಬ ಮನುಷ್ಯ, ಬಿಸಿಲಿಗೆ ಕಪ್ಪಾದವನು, ತೊಡೆದಪ್ಪದ ಹಗ್ಗ ಹಿಡಿದು ನಿಂತಿದ್ದ. ಕರೀ ಬೂಟು, ಹಳದಿ ಅಟ್ಟೆ. ಗುಣಾ ಸಿನಿಮಾದ ನಡಿಗೆಯಲ್ಲಿ ಎರಡು ಹೆಜ್ಜೆ ಇಟ್ಟ. ರೊಹಾಯಾ ತೋಳು ಹಿಡಿದು ನಿಲ್ಲಿಸಿದರು.

"ಇದ್ರಿಸ್ ಬಿನ್ ಹಮ್ಜಾ?"

"ಹೌದು ಪುವಾನ್. ಒಂದು ನಿಮಿಷ, ಇದೊಂದು ಹಗ್ಗ ಕಟ್ಬಿಡ್ತೀನಿ. ಜನ ಇಳೀಬೇಕು."

ಕಟ್ಟಿದ. ಜನ ಇಳಿದರು. ಕೈ ಒರೆಸಿಕೊಂಡು ಬಂದ. "ಅಂಕಲ್ ಕಳಿಸಿದ್ರಾ?"

"ಅಂಕಲ್ ಕಂಪ್ಲೇಂಟ್ ಕೊಟ್ಟಿದಾರೆ. ನಿನ್ನನ್ನ ಅರೆಸ್ಟ್ ಮಾಡ್ತಿದೀನಿ."

"ಕಂಪ್ಲೇಂಟಾ?" ಇದ್ರಿಸ್‌ಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಾನು ಹೇಳಿ ಬಂದಿದೀನಲ್ಲ."

"ಯಾರಿಗೆ ಹೇಳ್ದೆ?"

"ಅಂಕಲ್‌ಗೇ. ನಾನಿಟ್ಟು ಬಂದಿರೋದ್ರಲ್ಲಿ ಎಲ್ಲಾ ಹೇಳಿದೀನಿ. ಯಾರೂ ಕೇಳ್ಲಿಲ್ವಾ?"

ರೊಹಾಯಾ ಗುಣಾನ ಮುಖ ನೋಡಿದರು. ಗುಣಾ ಸಮುದ್ರ ನೋಡಿದ. ಎರಡು ಸಲ ಸೀಲು ಬಿದ್ದ ಮಾಲು ಠಾಣೆಯ ಕಪಾಟಿನಲ್ಲಿ ಭದ್ರವಾಗಿ ಕುಳಿತಿತ್ತು.

ಇದ್ರಿಸ್‌ನ ಬಾಡಿಗೆ ಕೋಣೆ ಕಟ್ಟೆಗೆ ಹತ್ತಿರವೇ. ಮನೆ ಒಡೆಯನನ್ನೂ ಕೆಳಗಿನ ಅಂಗಡಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಒಂದು ಚಾಪೆ, ಒಂದು ಫ್ಯಾನು, ಒಂದು ಚಿಕ್ಕ ಮೇಜು. ಮೇಜಿನ ಮೇಲೆ ಅನ್ನ ಸಾರಿಗೆ ನೊಣ ಕೂರದಂತೆ ಮುಚ್ಚುವ ಬಿದಿರಿನ ಬುಟ್ಟಿ. ಅದನ್ನು ಎತ್ತಿದರೆ ಒಳಗೆ ಒಂದು ತಟ್ಟೆ ಅನ್ನ, ಕರಿದ ಒಣಮೀನು, ಪಕ್ಕದಲ್ಲಿ ಮೂಲೆ ಸುಟ್ಟ ಹಸಿರು ಪ್ಲೇಯರ್. ಪಂಚನಾಮೆಯಲ್ಲಿ ಹಾಗೇ ಬರೆಯಲಾಯಿತು: ಮಾಲು ಅನ್ನದ ತಟ್ಟೆಯ ಪಕ್ಕದಲ್ಲಿ, ಬುಟ್ಟಿಯ ಕೆಳಗೆ ಸಿಕ್ಕಿತು.

"ಇಲ್ಲಿ ಯಾಕಿಟ್ಟೆ?"

"ಅದು ಇರೋದೇ ಅಲ್ಲಿ, ಪುವಾನ್. ನನ್ನ ಹೆಂಡ್ತಿ ಸಲ್ಮಿಯಾ ಫ್ಯಾಕ್ಟರೀಲಿ ರಾತ್ರಿ ಪಾಳಿ. ನಾನು ಹಗಲು. ನಾನು ಬರೋ ಹೊತ್ತಿಗೆ ಅವಳು ಹೋಗಿರೋಳು. ಫೋನ್ ಒಂದೇ, ಅವಳ ಹತ್ರ. ನಂಗೆ ಓದೋಕೆ ಬರಲ್ಲ. ಫ್ಯಾಕ್ಟರೀಲಿ ಬಹುಮಾನ ಅಂತ ಇದನ್ನ ಕೊಟ್ಟಿದ್ರು. ಇದರಲ್ಲಿ ಮಾತಾಡಿ ಅನ್ನದ ಜೊತೆ ಮುಚ್ಚಿಟ್ಟು ಹೋಗೋಳು. ನಾನು ಊಟ ಮಾಡಿ ನಂದು ಹೇಳಿ ಇಡ್ತಿದ್ದೆ. ಅವಳು ಬೆಳಿಗ್ಗೆ ಬಂದು ಅದನ್ನ ಕೇಳೋಳು."

ಗುಣಾ ಪಂಚರ ಎದುರಿಗೆ ಗುಂಡಿ ಒತ್ತಿದ. ಅದರ ಬೆನ್ನಿನ ಪುಟ್ಟ ಸ್ಪೀಕರಿನಿಂದ ಆತುರದ ಹೆಂಗಸಿನ ದನಿ ಬಂತು.

"ಬಾಂಗ್, ಊಟ ಆಯ್ತಾ? ಇನ್ನೂ ಮಾಡಿಲ್ಲ ಅಂದ್ರೆ ಮೊದ್ಲು ಊಟ ಮಾಡಿ, ಆಮೇಲೆ ನನ್ನ ಮಾತು ಕೇಳಿ. ಮೀನು ಸ್ವಲ್ಪ ಉಪ್ಪಾಗಿದೆ, ಗೊಣಗ್ಬೇಡಿ. ಬೂಟು ಬಿಸಿಲಿಗಿಡಿ, ವಾಸನೆ. ಬಸ್ ಬಂತು..."

ಅಷ್ಟೇ. ಅಂಗಡಿಯವನು ತಲೆಯ ಟೋಪಿ ಸರಿಮಾಡಿಕೊಂಡ.

"ಇದರ ತಂತಿ ಸಿಕ್ಕಿಸೋ ತೂತು ಮುರಿದಿದೆ, ಬೇರೆ ಕಡೆ ಇಳಿಸಿಕೊಳ್ಳೋಕೆ ಆಗಲ್ಲ ಅಂತ ಅವಾಗ್ಲೇ ಹೇಳಿದ್ರು" ಎಂದ ಇದ್ರಿಸ್. "ಅವಳು ತೀರಿಹೋದ ಮೇಲೆ ನಾದಿನಿ ಮನೆ ಖಾಲಿ ಮಾಡಿ ಸಾಮಾನು ಮೂಟೆ ಕಟ್ಟಿ ಹಳೇ ಸಾಮಾನಿನವನಿಗೆ ಕೊಟ್ಬಿಟ್ಳು. ಅವಳದ್ದೇನು ತಪ್ಪು, ಗೊತ್ತಿರ್ಲಿಲ್ಲ."

"ಅಂಕಲ್ ಹತ್ರ ಇದೆ ಅಂತ ಹೇಗೆ ಗೊತ್ತಾಯ್ತು?"

"ಫೆರ್ರೀಲಿ. ಒಂದು ಸಂಜೆ ಹಗ್ಗ ಸುತ್ತುತಿದ್ದೆ. ಹಿಂದಿನ ಬೆಂಚಿಂದ ಸಲ್ಮಿಯಾ ಊಟ ಆಯ್ತಾ ಅಂದ್ಳು." ಅವನು ಬುಟ್ಟಿಯನ್ನು ಮತ್ತೆ ಅನ್ನದ ಮೇಲೆ ಮುಚ್ಚಿದ. "ಅಂಕಲ್‌ಗೆ ಕಿವಿ ಮಂದ. ಜೋರಾಗಿ ಇಟ್ಕೊಂಡಿದ್ರು. ಹತ್ರ ಹೋಗಿ, ಅಂಕಲ್ ಇದ್ಯಾರ ದನಿ ಅಂತ ಕೇಳ್ದೆ."

"ಏನಂದ್ರು?"

"ನನ್ನ ಹೆಂಡ್ತಿದು ಅಂದ್ರು."

ಪೆನ್ನು ಓಡಿಸುತ್ತಿದ್ದ ಗುಣಾ ನಿಲ್ಲಿಸಿದ.

"ಹೊಡೀಬೇಕಿತ್ತು ನಾನು" ಎಂದ ಇದ್ರಿಸ್. "ನೀನಾಗಿದ್ರೆ ಹೊಡೀತಿದ್ದೆ ತಮ್ಮ. ಆದ್ರೆ ಅಂಕಲ್ ಅದನ್ನ ಎದೆಗೆ ಒತ್ತಿ ಹಿಡ್ಕೊಂಡಿದ್ರು, ಕಿತ್ಕೋತಾರೇನೋ ಅಂತ. ಅದು ನನ್ನ ಹೆಂಡ್ತಿ ಅಂತ ಅಲ್ಲೇ ಹೇಳಿದ್ರೆ ಆ ಮನುಷ್ಯ ಮತ್ತೆ ಫೆರ್ರಿ ಹತ್ತುತಿದ್ರಾ? ಹಿಂದೆ ಹೋಗಿ ಮನೆ ನೋಡ್ಕೊಂಡೆ. ಕೀಲಿ ಶೂನಲ್ಲಿ ಇಟ್ಟಿದ್ದೂ ನೋಡ್ದೆ. ಬರಿಗೈಲಿ ತಗೊಂಡು ಬರೋದು ಸರಿ ಅನ್ನಿಸ್ಲಿಲ್ಲ."

ಮಾರ್ಚ್ 14, ಗುರುವಾರ ಬೆಳಿಗ್ಗೆ ಮಾಲು ಗುರುತಿಸಲು ಚಿಯಾರನ್ನು ಠಾಣೆಗೆ ಕರೆಸಲಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸುಟ್ಟ ಮೂಲೆ ಕಂಡದ್ದೇ ಕೈ ಚಾಚಿದರು. ರೊಹಾಯಾ ಅದನ್ನು ತಮ್ಮ ಕಡೆ ಸರಿಸಿಕೊಂಡರು.

"ನಿಮ್ಮದೇನಾ?"

"ನಂದೇ."

"ಇದರಲ್ಲಿ ಏನಿದೆ?"

"ಹಾಡು ಅಂದ್ನಲ್ಲ."

"ನಿಮ್ಮ ಹೆಂಡ್ತಿ ಹೆಸರೇನು ಅಂಕಲ್?"

ಗಡಿಯಾರ ಇದ್ದ ಗೋಡೆಯ ಕಡೆ ಚಿಯಾರ ಕಣ್ಣು ಹೋಯಿತು. ಅಲ್ಲಿಂದ ಸಹಾಯ ಬರಲಿಲ್ಲ.

"ಮದುವೆ ಆಗಿಲ್ಲ" ಎಂದರು.

ಫೆರ್ರಿಯ ಇದ್ರಿಸ್ ಹೇಳಿದ್ದನ್ನು ರೊಹಾಯಾ ಎರಡು ಮಾತಿನಲ್ಲಿ ತಿಳಿಸಿದರು. ಚಿಯಾ ಮುಂದುವರಿಸಿದರು. "ಲಿಫ್ಟ್ ಕೆಲಸ. ಎಲ್ಲಾರೂ ಹತ್ತೋರು, ಇಳಿಯೋರು. ನಾನು ಮೇಲೆ ಕತ್ತಲೇಲಿ, ತಂತಿ ಹತ್ರ. ಇದನ್ನ ತಂದು ಮೊದಲ್ನೇ ಸಲ ಒತ್ತಿದಾಗ ಊಟ ಆಯ್ತಾ ಅಂತು. ಅವತ್ತು ನಿಜವಾಗ್ಲೂ ಊಟ ಆಗಿರ್ಲಿಲ್ಲ. ದಿನಾ ರಾತ್ರಿ ಏಳು ಗಂಟೆಗೆ ಒತ್ತೋದು, ಊಟಕ್ಕೆ ಕೂರೋದು. ಮೀನು ಉಪ್ಪಾಗಿದೆ ಅಂತಾಳಲ್ಲ, ನಾನೂ ಅದೇ ಮೀನು ತರ್ತಿದ್ದೆ." ಬಾಯಿ ಒರೆಸಿಕೊಂಡರು. "ಅವನು ಕೇಳ್ದಾಗ ಬಾಯಿಗೆ ಅದೇ ಬಂತು. ಅವನೇ ಅವಳ ಗಂಡ ಅಂತ ನಂಗೆ ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ."

"ಕಂಪ್ಲೇಂಟ್ ವಾಪಸ್ ತಗೋತೀನಿ."

"ಎಫ್‌ಐಆರ್ ಅಂದ್ರೆ ಜವಳಿ ಅಂಗಡಿ ಸೀರೆ ಅಲ್ಲ ಅಂಕಲ್, ವಾಪಸ್ ಕೊಡೋಕೆ" ಎಂದ ಗುಣಾ. ಆದರೆ ಡೋಲು ಇಲ್ಲದೆ, ಮೆಲ್ಲಗೆ. "ಕೋರ್ಟಲ್ಲಿ ಹೇಳಿ. ಪ್ಲೇಯರ್ ಅವರಿಗೇ ಸೇರ್ಲಿ ಅಂತ ಅಲ್ಲೇ ಬರ್ಕೊಡಿ. ಜಡ್ಜ್ ಕೇಳ್ತಾರೆ."

ಆರೋಪಿ ಇದ್ರಿಸ್ ಬಿನ್ ಹಮ್ಜಾ ಒಪ್ಪಿಕೊಂಡಿದ್ದಾನೆ, ಹಿಂದಿನ ದಾಖಲೆ ಇಲ್ಲ, ಮಧ್ಯಾಹ್ನ ನ್ಯಾಯಾಲಯಕ್ಕೆ ಹಾಜರುಪಡಿಸಿ ಜಾಮೀನಿಗೆ ತಕರಾರಿಲ್ಲ ಎಂದು ತಿಳಿಸುವುದು. ರೊಹಾಯಾ ವರದಿಯಲ್ಲಿ ಇಷ್ಟು ಬರೆದರು. ಕೃತ್ಯದ ಉದ್ದೇಶ ಎಂಬಲ್ಲಿ "ಲಾಭಕ್ಕಲ್ಲ" ಎಂದು ಬರೆದು, ಮುಂದೆ ಇನ್ನೇನಾದರೂ ಸೇರಿಸಬೇಕೇ ಎಂದು ಯೋಚಿಸಿ, ಪೆನ್ನಿನ ಮುಚ್ಚಳ ಹಾಕಿದರು.

ಒಂದು ಕೆಲಸ ಬಾಕಿ ಇತ್ತು. ಬದಲಿ ಪ್ಲೇಯರಿನ ಸೀಲನ್ನು ದೂರುದಾರರ ಎದುರೇ ಒಡೆಯಲಾಯಿತು. ಹಾಡುಗಳ ಕಡತ ಖಾಲಿ. ಮಾತುಗಳ ಕಡತದಲ್ಲಿ ಒಂದೇ ಒಂದು ಇತ್ತು. ಗುಣಾ ಶಬ್ದ ಜಾಸ್ತಿ ಮಾಡಿ ಚಿಯಾ ಎದುರಿಗಿಟ್ಟು ಗುಂಡಿ ಒತ್ತಿದ. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಹಿಂದೆ ಫೆರ್ರಿಯ ಇಂಜಿನ್ನು.

"ಚಿಯಾ ಅಂಕಲ್, ನಾನು ಇದ್ರಿಸ್. ಫೆರ್ರೀಲಿ ಹಗ್ಗ ಕಟ್ಟೋನು. ಹೆಸರು ನಿಮ್ಮ ಬಾಗಿಲ ಮೇಲಿತ್ತು, ಪಕ್ಕದ ಹುಡುಗರ ಹತ್ರ ಓದಿಸ್ಕೊಂಡೆ. ಅದು ನನ್ನ ಹೆಂಡ್ತಿ ಸಲ್ಮಿಯಾ ದನಿ. ಕರ್ಕೊಂಡು ಹೋಗ್ತಿದೀನಿ, ಬೇಜಾರು ಮಾಡ್ಕೋಬೇಡಿ. ಇದು ಖಾಲಿ ಇರ್ಬಾರ್ದು ಅಂತ ಮಾತಾಡ್ತಿದೀನಿ. ನಂಗೆ ಅವಳ ಥರ ಚೆನ್ನಾಗಿ ಬರಲ್ಲ. ಸಂಜೆ ಫೆರ್ರಿ ಬಿಡ್ಬೇಡಿ, ಬನ್ನಿ. ಹಿಂದಿನ ಬೆಂಚು ಒರೆಸಿಟ್ಟಿರ್ತೀನಿ. ಅಂಕಲ್, ಊಟ ಆಯ್ತಾ?"

ಇಂಜಿನ್ನಿನ ಸದ್ದು ಸ್ವಲ್ಪ ಹೊತ್ತು ಓಡಿ ನಿಂತಿತು.

ನಿಯಮದ ಪ್ರಕಾರ ಕೇಳಿ ಮುಗಿದ ಮೇಲೆ ಬ್ಯಾಟರಿ ತೆಗೆದು ಮಾಲನ್ನು ಮತ್ತೆ ಸೀಲ್ ಮಾಡಬೇಕು. ಗುಣಾ ಬ್ಯಾಟರಿಯ ಮುಚ್ಚಳಕ್ಕೆ ಉಗುರು ಹಾಕಿದ.

"ತಮ್ಮ" ಎಂದರು ಚಿಯಾ. "ಇನ್ನೊಂದ್ಸಲ ಒತ್ತು. ಕೊನೇದು ಸರಿಯಾಗಿ ಕೇಳಿಸ್ಲಿಲ್ಲ."

ಗುಣಾ ರೊಹಾಯಾ ಕಡೆ ನೋಡಿದ. ಅವರು ಫೈಲು ನೋಡುತ್ತಿದ್ದರು. ಅವನು ಮತ್ತೆ ಒತ್ತಿದ. ಕೊನೆಯ ಮಾತು ಬರುವ ಹೊತ್ತಿಗೆ ಮುದುಕರು ಕುರ್ಚಿಯ ತುದಿಗೆ ಸರಿದು ಬಗ್ಗಿದ್ದರು.

"ಇನ್ನೂ ಇಲ್ಲ" ಎಂದರು, ಪ್ಲೇಯರಿಗೆ.